ಗಟ್ಟಿಮೇಳದ ಕೆಳಗಿನ ಕೆಮ್ಮು

ಜಯಮ್ಮ, ಆ ದಿನ ನಿನ್ನ ಗಂಡನನ್ನು ನಾನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇ ಇಲ್ಲ. ಅವರ ಹೊಸ್ತಿಲನ್ನೂ ನಾವು ತುಳಿಯಲಿಲ್ಲ. "ಏನೂ ಇಲ್ಲವಂತೆ, ಬರೀ ಕಫವಂತೆ" ಎಂದು ನಿನಗೆ ಹೇಳಿದೆನಲ್ಲ — ಆ ಮಾತು ಡಾಕ್ಟರದಲ್ಲ, ನನ್ನದು. ಹೊಳೆನರಸೀಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಕೂತು ಕಟ್ಟಿದ್ದು.

ಇಷ್ಟು ಬರೆಯುವುದಕ್ಕೆ ಮೂವತ್ತೈದು ವರ್ಷ ಹಿಡಿಯಿತು. ಬಾಯಲ್ಲೇ ಹೇಳಿಬಿಡೋಣವೆಂದು ಎಷ್ಟೋ ಸಲ ನಿನ್ನ ಮನೆಗೆ ಬಂದಿದ್ದೇನೆ. ಬಂದಾಗಲೆಲ್ಲ ನೀನು "ಬನ್ನಿ ಅಣ್ಣ" ಎಂದು ಚಾಪೆ ಹಾಸುತ್ತೀಯ, ಕಾಫಿ ಕೊಡುತ್ತೀಯ. ನಾನು ಕಾಫಿ ಕುಡಿದು, ತೆಂಗಿನಕಾಯಿ ರೇಟು ಮಾತಾಡಿ, ಎದ್ದು ಬರುತ್ತೇನೆ. ಬಾಯಿಗೆ ಸುಳ್ಳು ರೂಢಿಯಾಗಿಬಿಟ್ಟಿದೆ, ಕೈಗಾದರೂ ಆಗಿಲ್ಲ ಎಂದು ಪೆನ್ನು ಹಿಡಿದೆ. ಕೈಯೂ ಸುಳ್ಳಾಡಿದೆ ಎಂಬುದು ಮುಂದೆ ನಿನಗೇ ತಿಳಿಯುತ್ತದೆ.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಅಲ್ಲಿಂದ ಹೊರಟರೆ ಧೈರ್ಯ ಬಂದೀತು. ನಾನು ಡೋಲು, ಗೋವಿಂದ ಸ್ಯಾಕ್ಸೋಫೋನು. ನಾಗಸ್ವರದ ಮನೆತನದಲ್ಲಿ ಹುಟ್ಟಿ ಆ ಬಗ್ಗಿದ ಹಿತ್ತಾಳೆ ಕೊಳವೆ ಹಿಡಿದನೆಂದು ಅವನಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಕಡೆಯ ಛತ್ರಗಳು — ಲಗ್ನದ ತಿಂಗಳುಗಳಲ್ಲಿ ನಾವಿಬ್ಬರೂ ಮನೆ ಸೇರುತ್ತಿದ್ದುದು ಬಟ್ಟೆ ಬದಲಿಸುವುದಕ್ಕೆ ಮಾತ್ರ. ಆದರೆ ಮದುವೆಮನೆಯಲ್ಲಿ ವಾಲಗವನ್ನು ಯಾರು ಕೇಳುತ್ತಾರೆ? ನುಡಿಸುತ್ತಿದ್ದರೆ ಒಬ್ಬರೂ ತಿರುಗಿ ನೋಡುವುದಿಲ್ಲ. ನಿಲ್ಲಿಸಿದರೆ ಮಾತ್ರ "ಯಾಕ್ರಯ್ಯಾ ನಿಲ್ಸುದ್ರಿ?" ಎಂದು ಮೇಲೆ ಬೀಳುತ್ತಾರೆ.

ಒಂದೇ ಒಂದು ಗಳಿಗೆ ಬೇರೆ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎನ್ನುತ್ತಾರಲ್ಲ, ಆಗ ನಮಗೆ ರಾಗವಿಲ್ಲ, ತಾಳವಿಲ್ಲ, ಇದ್ದಬದ್ದ ಬಲವನ್ನೆಲ್ಲ ಹಾಕಿ ಬಾರಿಸಬೇಕು. ಯಾರಾದರೂ ಸೀನಿದರೆ, ಮಗು ಅತ್ತರೆ, ಯಾರ ಬಾಯಿಂದಲಾದರೂ ಕೆಟ್ಟ ಮಾತು ಬಿದ್ದರೆ ಅದು ವಧೂವರರ ಕಿವಿಗೆ ಬೀಳಬಾರದು. ಅಪಶಕುನವನ್ನು ಮುಚ್ಚುವುದೇ ನಮ್ಮ ಕೆಲಸ. ಆ ಎರಡು ನಿಮಿಷಕ್ಕಾಗಿಯೇ ಗೋವಿಂದ ಇಡೀ ದಿನ ಊದುತ್ತಿದ್ದ. ಆಗ ಅವನ ವಾದ್ಯ ಎಲ್ಲೆಲ್ಲಿಗೋ ಹೋಗುತ್ತಿತ್ತು — ಅಳುತ್ತಿತ್ತು, ಗದರುತ್ತಿತ್ತು, ಯಾರನ್ನೋ ಹೆಸರು ಹಿಡಿದು ಕೂಗುತ್ತಿತ್ತು. ಅಷ್ಟರಲ್ಲಿ ಪುರೋಹಿತರು ಕೈ ಬೀಸಿ "ಸಾಕು ಸಾಕು" ಎಂದುಬಿಡುತ್ತಿದ್ದರು.

ಅರಕಲಗೂಡಿನ ಒಂದು ಮದುವೆ ಮುಗಿಸಿ ಛತ್ರದ ಹಿತ್ತಲಲ್ಲಿ ಊಟಕ್ಕೆ ಕಾಯುತ್ತಿದ್ದಾಗ ಅವನು ಹೇಳಿದ್ದ: "ಸಾಕು ಅನ್ನೋರೇ ಇಲ್ದಿರೋ ಜಾಗ್ದಲ್ಲಿ ಒಂದ್ಸಲ ಊದ್ಬೇಕು ಕಣ್ಲಾ ನಂಜುಂಡ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅದು ಅವನ ಆಸೆ, ನಾನು ಈಡೇರಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ನಿಜ. ಅವನ ಜೊತೆ ಬಾರಿಸುವಾಗ ಬಿಟ್ಟರೆ ಬೇರೆಲ್ಲೂ ನಾನು ಮನುಷ್ಯನೆಂದು ನನಗೆ ಅನ್ನಿಸುತ್ತಿರಲಿಲ್ಲ. ಹೆಂಡತಿ ಮಕ್ಕಳು ಮಾಡಿಕೊಳ್ಳಲಿಲ್ಲ, ಇದ್ದದ್ದು ಅವನೊಬ್ಬನೇ. ಅವನ ಆಸೆಗಿಂತ ನನ್ನ ಆಸೆ ದೊಡ್ಡದಿತ್ತು.

ಅಷ್ಟು ಹೊತ್ತಿಗೆ ಅವನ ಕೆಮ್ಮು ಶುರುವಾಗಿತ್ತು. ಮಾಗಿಯಲ್ಲಿ ಹಿಡಿದದ್ದು ಬೇಸಿಗೆ ಬಂದರೂ ಬಿಡಲಿಲ್ಲ. ನೀನು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ನೀನೇ ಹೊತ್ತು ತಂದು ನನ್ನ ಕೈಗೆ ಕೊಟ್ಟೆ. "ಇದು ನಿಮ್ತಾವೇ ಇರ್ಲಿ ಅಣ್ಣ. ಅವ್ರು ಕೇಳುದ್ರೂ ಕೊಡ್ಬ್ಯಾಡಿ. ಉಸ್ರು ಕಟ್ಕೊಂಡು ಊದಿ ಊದಿ ಎದೆ ಒಡ್ಕೊತಾರೆ." ಆಗ ನಿನಗೆ ಇಪ್ಪತ್ತೈದು ಇರಬಹುದು. ನಾನು "ಆಯ್ತು ಕಣಮ್ಮ" ಎಂದು ಪೆಟ್ಟಿಗೆಯನ್ನು ಚನ್ನರಾಯಪಟ್ಟಣಕ್ಕೆ ತಂದು ನನ್ನ ಮಂಚದ ಕೆಳಗಿಟ್ಟೆ.

ಹಾಸನದ ಎದೆರೋಗದ ಡಾಕ್ಟರ ವಿಷಯ ಪಕ್ಕದ ಮನೆಯವರಿಂದ ಕೇಳಿ ತಿಳಿದುಕೊಂಡವಳೂ ನೀನೇ. ಮಗುವಿಗೆ ಜ್ವರ, ನಿನಗೆ ಬರಲಾಗುವುದಿಲ್ಲ, ಬುಧವಾರ ನಾನು ಕರೆದುಕೊಂಡು ಹೋಗಬೇಕು ಎಂದಾಯಿತು. ಅದೇ ವಾರ ಹಾಸನದ ಸ್ಟುಡಿಯೋದ ಪ್ರಕಾಶಣ್ಣ ಸಿಕ್ಕಿದ. ಭಜನೆ, ಜನಪದ ಗೀತೆಗಳ ಕ್ಯಾಸೆಟ್ಟು ಮಾಡುತ್ತಿದ್ದವನು. ಬುಧವಾರ ಬರಬೇಕಿದ್ದ ಭಜನಾ ಮಂಡಳಿಯವರು ಬರುತ್ತಿಲ್ಲ, ಇಡೀ ದಿನ ಖಾಲಿ, ಬೇಕಾದರೆ ನಿಮ್ಮಿಬ್ಬರದೊಂದು ಮಂಗಳವಾದ್ಯ ಮಾಡೋಣ ಎಂದ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಯೋಚಿಸಿದ್ದರೆ ಒಳ್ಳೆಯದಿತ್ತು ಎನ್ನುವಂತೆಯೂ ಇಲ್ಲ — ಯೋಚಿಸಿದ್ದರೂ ಇದನ್ನೇ ಮಾಡುತ್ತಿದ್ದೆ. ಮಂಗಳವಾರವೇ ಹೋಗಿ ನನ್ನ ಡೋಲನ್ನೂ ನೀನು ಕೊಟ್ಟ ಪೆಟ್ಟಿಗೆಯನ್ನೂ ಸ್ಟುಡಿಯೋದಲ್ಲಿ ಇಟ್ಟು ಬಂದೆ.

ಬುಧವಾರ ಬಸ್ಸಿಳಿದ ಮೇಲೆ ಅವನಿಗೆ ಹೇಳಿದೆ. ಅವನ ಮುಖ ಅರಳಿತು, ಅದನ್ನು ನಾನು ಮರೆತಿಲ್ಲ. ಆಮೇಲೆ ಕೇಳಿದ, "ಡಾಕ್ಟ್ರು?"

"ಒಂದ್ ಗಂಟೆ ಊದು. ಆಮ್ಯಾಕೆ ಓಗಾನ. ಡಾಕ್ಟ್ರೇನು ಓಡೋಯ್ತಾರಾ?" ಎಂದೆ.

ನಾಲ್ಕು ಗಂಟೆ ಹೊತ್ತು ನುಡಿಸಿದೆವು. ಒಂದೇ ಕೋಣೆ, ಮಧ್ಯೆ ಪ್ರಕಾಶಣ್ಣ ಹಲಗೆ ನಿಲ್ಲಿಸಿ ಗೋಣಿಚೀಲ ಇಳಿಬಿಟ್ಟಿದ್ದ. ಅವನಿಗೊಂದು ಮೈಕು, ನನಗೊಂದು ಮೈಕು. ಹಲಗೆಯ ಪಕ್ಕದಿಂದ ಅವನ ಭುಜ ಮಾತ್ರ ನನಗೆ ಕಾಣುತ್ತಿತ್ತು. ಗಾಜಿನಾಚೆ ಪ್ರಕಾಶಣ್ಣ. ಮೊದಲು ಹತ್ತು ನಿಮಿಷ ಮದುವೆಯಲ್ಲಿ ನುಡಿಸುವುದನ್ನೇ ನುಡಿಸಿದೆವು. ಆಮೇಲೆ ನಾನು ಗಟ್ಟಿಮೇಳ ಎತ್ತಿದೆ. ನಿಲ್ಲಿಸಲಿಲ್ಲ. ಅವನಿಗೆ ಅರ್ಥವಾಯಿತು — ಇಲ್ಲಿ ಪುರೋಹಿತರಿಲ್ಲ, ತಾಳಿಯಿಲ್ಲ, ಕೈ ಬೀಸುವವರು ಯಾರೂ ಇಲ್ಲ. ಅವನು ಹೋದ. ಎಲ್ಲಿಗೆ ಹೋದನೆಂದು ನನಗೆ ಹೇಳಲು ಬರುವುದಿಲ್ಲ, ನಾನು ಹಿಂದೆ ಹಿಂದೆ ಓಡಿದೆ ಅಷ್ಟೇ. ಅಂಥ ಸುಖವನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಇದನ್ನು ನಿನಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಮುಚ್ಚಿಟ್ಟರೆ ಮತ್ತೊಂದು ಸುಳ್ಳಾಗುತ್ತದೆ.

ಕೆಮ್ಮು ಬಂತು. ಪ್ರಕಾಶಣ್ಣ ಗಾಜಿನ ಹಿಂದಿನಿಂದ ಕೈಯೆತ್ತಿದ, ಟೇಪು ನಿಲ್ಲಿಸಿದ. "ಉಷಾರಿಲ್ದಿದ್ರೆ ಇನ್ನೊಂದಿನ ಮಾಡಾನ ಬಿಡ್ರಪ್ಪ" ಎಂದ. ಇನ್ನೊಂದು ದಿನ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ನಿನ್ನ ಕಣ್ಣು ತಪ್ಪಿಸಿ ಎರಡನೇ ಸಲ ಅವನನ್ನು ತರುವುದು ಆಗದ ಮಾತು. "ನೀರು ನೆತ್ತಿಗತ್ತಿತ್ತು ಅಷ್ಟೇಯ, ನೀ ಟೇಪ್ ಬಿಡು" ಎಂದೆ. ಅಲ್ಲಿಂದ ಮುಂದೆ ಅವನ ಭುಜವನ್ನೇ ನೋಡುತ್ತಾ ಬಾರಿಸಿದೆ. ಕೆಮ್ಮು ಬರುವ ಮುಂಚೆ ಭುಜ ಮೇಲೇಳುತ್ತಿತ್ತು. ಎದ್ದ ಕೂಡಲೇ ನಾನು ಎರಡೂ ಕೈಯಲ್ಲಿ ಉರುಳಿಸಿಬಿಡುತ್ತಿದ್ದೆ. ಕೆಮ್ಮು ಡೋಲಿನ ಕೆಳಗೆ ಹೋಗುತ್ತಿತ್ತು. ಮದುವೆಮನೆಯಲ್ಲಿ ಸೀನು ಮುಚ್ಚಲು ಕಲಿತ ಕೈ — ಅದೇ ವಿದ್ಯೆ.

ಅಲ್ಲಿ "ಸಾಕು" ಎನ್ನಬೇಕಾದವನು ನಾನೊಬ್ಬನೇ ಇದ್ದೆ. ಎನ್ನಲಿಲ್ಲ.

ಮುಗಿದಾಗ ಅವನು ಟವೆಲ್ಲಿನಿಂದ ಬಾಯೊರೆಸಿಕೊಂಡು ಅದನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡ. ನಾನು ಬಿಡಿಸಿ ನೋಡಿದೆ. ನೋಡಿದ ಮೇಲೂ ಡಾಕ್ಟರ ಹತ್ತಿರ ಹೋಗಬಹುದಿತ್ತು, ಇನ್ನೂ ಬಾಗಿಲು ಹಾಕಿರಲಿಲ್ಲ. ಆದರೆ ಡಾಕ್ಟರು ಕೇಳಿದರೆ ಬೆಳಗ್ಗೆಯಿಂದ ಏನು ಮಾಡುತ್ತಿದ್ದೆವೆಂದು ಹೇಳಬೇಕಾಗುತ್ತದೆ, ಅದು ನಿನಗೆ ತಿಳಿಯುತ್ತದೆ — ಹೀಗೆಲ್ಲ ಲೆಕ್ಕ ಹಾಕಿದೆ. ಬಸ್ ಸ್ಟ್ಯಾಂಡಿನ ಎದುರು ಒಂದು ಹೊಸ ಟವೆಲ್ಲು, ಒಂದು ಕೆಮ್ಮಿನ ಟಾನಿಕ್ಕು ಕೊಂಡೆ. ಹಳೇ ಟವೆಲ್ಲನ್ನು ಚರಂಡಿಗೆ ಎಸೆದೆ. "ಮುಂದಿನ್ ವಾರ ಬಂದು ತೋರುಸ್ಕಂಡು ಓಗಾನ" ಎಂದೆ. ಅವನು ಹೂಂ ಎಂದ. ಸುಸ್ತಾಗಿತ್ತು, ನನ್ನ ಹೆಗಲಿಗೊರಗಿ ನಿದ್ದೆ ಹೋದ.

ನೀನು ಬಾಗಿಲಲ್ಲೇ ನಿಂತಿದ್ದೆ. "ಡಾಕ್ಟ್ರು ಏನಂದ್ರು ಅಣ್ಣ?"

"ಏನೂ ಇಲ್ವಂತೆ ಕಣಮ್ಮ. ಬರೀ ಕಫವಂತೆ. ಈ ಟಾನಿಕ್ಕು ಸಾಕಂತೆ."

"ಟವಲ್ಲು ಒಸ್ದು?"

"ಹಳೇದ ಬಸ್ನಲ್ಲಿ ಬಿಟ್ಬುಟ್ಟ."

ನೀನು ನಕ್ಕೆ. ಮರೆವಿನವನೆಂದು ಅವನ ತಲೆಗೊಂದು ಮೊಟಕಿದೆ. ಎಷ್ಟು ಹಗುರವಾಗಿದ್ದೆ ನೀನು ಆಗ! ಅವನು ಕಾಲು ತೊಳೆಯುತ್ತಾ ಬಗ್ಗಿದ್ದ, ಮುಖ ಎತ್ತಲಿಲ್ಲ. ಅವನೂ ಸುಮ್ಮನಿದ್ದನಲ್ಲ ಎಂದು ಹೇಳಿ ನಾನು ಅರ್ಧ ಭಾರವನ್ನು ಅವನ ಮೇಲೆ ಹಾಕಬಹುದು. ಹಾಕುವುದಿಲ್ಲ. ಸುಳ್ಳು ಹೇಳಿದವನು ನಾನು, ಅವನು ನನ್ನ ಮರ್ಯಾದೆ ಕಾಯ್ದ ಅಷ್ಟೇ.

ಮುಂದಿನ ವಾರ ಬರಲಿಲ್ಲ. ಲಗ್ನಗಳು ಸಾಲುಹಿಡಿದು ಬಂದವು, ನಾನು ಬೇರೆ ಯಾರನ್ನೋ ಜೊತೆಗೆ ಹಾಕಿಕೊಂಡು ಊರೂರು ಸುತ್ತಿದೆ. ಮನಸ್ಸಿನಲ್ಲಿ ಮಾತ್ರ ಪ್ರತಿ ಸೋಮವಾರ "ಈ ವಾರ" ಎನ್ನುತ್ತಿದ್ದೆ. ನೀನು ಡಾಕ್ಟರ ಮಾತು ನಂಬಿ ಟಾನಿಕ್ಕು ಕುಡಿಸುತ್ತಿದ್ದೆ. ಅವನಿಗೆ ಮಲಗಿದರೆ ಉಸಿರು ಸಿಗದಂತಾದಾಗ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಅಲ್ಲಿಯವರು ಎದೆಯ ಪಟ ತೆಗೆದು ನೋಡಿ, ಕ್ಷಯ, ಎರಡೂ ಕಡೆ ಹೋಗಿದೆ, ಮೂರು ತಿಂಗಳು ಮುಂಚೆ ಬಂದಿದ್ದರೆ ಔಷಧಿಯಲ್ಲೇ ವಾಸಿಯಾಗುತ್ತಿತ್ತು ಎಂದರು. ಬುಧವಾರದಿಂದ ಅಲ್ಲಿಗೆ ಮೂರು ತಿಂಗಳು ಹನ್ನೊಂದು ದಿನ. ಗೋಡೆಗೊರಗಿ ನಿಂತುಕೊಂಡು ಎಣಿಸಿದ್ದೆ.

ತಿಥಿ ಮುಗಿದ ಮೇಲೆ ನೀನು ಹಾಸನಕ್ಕೆ ಹೊರಟೆ. "ನೀವೂ ಬನ್ನಿ ಅಣ್ಣ, ನೀವೇ ಸಾಕ್ಷಿ" ಎಂದೆ. ಬಂದೆ! ಆ ಡಾಕ್ಟರು ರಿಜಿಸ್ಟರು ತೆಗೆದು, ಹಾಳೆ ಹಾಳೆ ತಿರುವಿ ನೋಡಿ, "ಈ ಹೆಸರಿನವರು ನನ್ನ ಹತ್ರ ಬಂದೇ ಇಲ್ಲಮ್ಮ" ಎಂದರು. ಎಷ್ಟು ನಿಧಾನವಾಗಿ, ಎಷ್ಟು ಮರ್ಯಾದೆಯಿಂದ ಹೇಳಿದರು. ನೀನು ನಂಬಲಿಲ್ಲ, ಹೇಗೆ ನಂಬುತ್ತೀಯ? ಬೀದಿಗಿಳಿದು ಬೊಗಸೆ ತುಂಬ ಮಣ್ಣು ತೆಗೆದು ಅವರ ಬಾಗಿಲಿಗೆ ತೂರಿದೆ. "ನನ್ ಮನೆ ದೀಪ ಆರ್ಸಿ ಬರ್ದಿಟ್ಕಂಡಿಲ್ಲ ಅಂತೀಯಲ್ಲೋ, ನಿನ್ ಮನೆ ನಾಶ್ನ ಆಗ" ಎಂದು ಕೂಗಿದೆ. ಜನ ಸೇರಿತು. ಒಳಗೆ ಕೂತಿದ್ದ ರೋಗಿಗಳು ಎದ್ದು ನೋಡಿದರು. ಬಾಗಿಲಿಗೆ ಬಂದಿದ್ದ ಡಾಕ್ಟರು ಕನ್ನಡಕದ ಮೇಲಿನ ಧೂಳೊರೆಸಿಕೊಂಡು, ನಿನ್ನನ್ನು ಬಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ನೀವು ಕರ್ಕೊಂಡು ಬಂದಿದ್ರಾ?"

ನಾನು "ಹೂಂ ಸಾ" ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿ ಒಳಗೆ ಹೋದರು. ಅವರಿಗೆ ಗೊತ್ತಾಗಿತ್ತು, ಜಯಮ್ಮ.

ಕ್ಯಾಸೆಟ್ಟಿನ ಕತೆ ನಿನಗೂ ಗೊತ್ತು. ಅವನು ಚೆನ್ನಾಗಿದ್ದಾಗ ಯಾವಾಗಲೋ ನುಡಿಸಿದ್ದು ಎಂದು ನಿನಗೆ ಹೇಳಿದ್ದೆ. ಪ್ರಕಾಶಣ್ಣ ಅದರ ಮೇಲೆ ಬಾಳೆಕಂಬ, ಕಳಶದ ಚಿತ್ರ ಹಾಕಿ ಮಂಗಳವಾದ್ಯವೆಂದೇ ಮಾರಿದ. ಗೃಹಪ್ರವೇಶಕ್ಕೆ ಹಾಕಿದವರು ಮಾರನೇ ದಿನವೇ ವಾಪಸು ತಂದರು. "ಇದೇನ್ಸಾ, ಒಸ್ ಮನೇಲಿ ಹಿಂಗೆ ಬಡ್ಕತದೆ, ನಮ್ಮತ್ತೆ ಎದ್ದೋಗ್ಬುಟ್ರು" ಎಂದು ಒಬ್ಬ ಜಗಳವನ್ನೇ ತೆಗೆದನಂತೆ. ಉಳಿದವು ಅಟ್ಟಕ್ಕೆ ಹೋದವು. ಪ್ರಕಾಶಣ್ಣ ಕಾಲವಾದ ಮೇಲೆ ಮಕ್ಕಳು ಅಟ್ಟ ಖಾಲಿ ಮಾಡಿದರು, ಟೇಪುಗಳು ಕೈಯಿಂದ ಕೈ ದಾಟಿ ಬೆಂಗಳೂರಿನ ಮೇಘನಾ ಎಂಬ ಹುಡುಗಿಗೆ ಸಿಕ್ಕವು. ಹಳೇ ಧ್ವನಿಮುದ್ರಣ ಹುಡುಕಿ ಮತ್ತೆ ಹೊರತರುವುದು ಅವಳ ಕಸುಬು. ಇದನ್ನೂ ಹೊರತಂದಳು, ಎರಡು ದೊಡ್ಡ ಕಪ್ಪು ರೆಕಾರ್ಡುಗಳು, ಒಂದು ಪುಸ್ತಿಕೆ. ಇದು ಫ್ರೀ ಜಾಝ್ ಎಂದಳು. ಹಾಗೆಂದರೇನವ್ವ ಎಂದೆ. ಯಾವ ಕಟ್ಟುಪಾಡೂ ಇಲ್ಲದೆ ಆ ಗಳಿಗೆಯಲ್ಲಿ ಹುಟ್ಟಿದ್ದನ್ನು ನುಡಿಸುವುದು ಎಂದಳು. "ಓ, ಗಟ್ಟಿಮ್ಯಾಳವಾ" ಎಂದೆ. ಆ ಮಾತನ್ನೂ ಅಚ್ಚು ಹಾಕಿಸಿಬಿಟ್ಟಳು.

ಎಲ್ಲೆಲ್ಲಿಯವರೋ ಬರೆದಿದ್ದಾರೆ. ಮೇಘನಾ ಫೋನಿನಲ್ಲಿ ಕನ್ನಡ ಮಾಡಿ ಓದುತ್ತಾಳೆ. ಗೋವಿಂದನ ಉಸಿರು ಎಲ್ಲಿ ಮುರಿಯುತ್ತದೆಂದು ಡೋಲಿಗೆ ಮೊದಲೇ ಗೊತ್ತಿರುತ್ತದೆ, ಇಂಥ ಹೊಂದಾಣಿಕೆ ಕೇಳಿಯೇ ಇಲ್ಲ ಎಂದು ಒಬ್ಬರು. ಡೋಲು ಅವನನ್ನು ತಾಯಿಯಂತೆ ಕಾಯುತ್ತದೆ ಎಂದು ಇನ್ನೊಬ್ಬರು. ತಾಯಿಯಂತೆ! ಒಬ್ಬನೇ ಒಬ್ಬ ಬೈದಿದ್ದಾನೆ: ಡೋಲು ವಿಪರೀತ, ಬೇಡದ ಕಡೆಯಲ್ಲೆಲ್ಲ ನುಗ್ಗಿ ಸ್ಯಾಕ್ಸೋಫೋನನ್ನು ಮುಚ್ಚಿಹಾಕುತ್ತದೆ ಎಂದು. ಮೇಘನಾ ಅದನ್ನು ಅಂಜುತ್ತಾ ಓದಿದಳು, "ಬೇಜಾರು ಮಾಡ್ಕೋಬೇಡಿ ಸರ್" ಎಂದಳು. ಆ ಪುಣ್ಯಾತ್ಮನೊಬ್ಬನೇ ಸರಿಯಾಗಿ ಕೇಳಿದ್ದಾನೆ ಎಂದು ಅವಳಿಗೆ ಹೇಗೆ ಹೇಳಲಿ?

ನಾನು ಮಾತ್ರ ಆ ರೆಕಾರ್ಡು ಕೇಳಿರಲಿಲ್ಲ. ಮೇಘನಾ ಕಳಿಸಿದ ಮೇಲೂ ಒಂದು ತಿಂಗಳು ಮುಟ್ಟಲಿಲ್ಲ. ತೆಂಗಿನಕಾಯಿ ಮಂಡಿಯ ಮೇಲಿನ ಈ ಕೋಣೆಯಲ್ಲಿ, ಒಂದು ಮಧ್ಯಾಹ್ನ, ಕೆಳಗೆ ಲಾರಿಗೆ ಕಾಯಿ ತುಂಬುತ್ತಿದ್ದಾಗ, ಅವಳು ಫೋನಿಗೆ ಹಾಕಿಕೊಟ್ಟದ್ದನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ನನ್ನ ಎಡಗಿವಿ ಹೋಗಿ ಹತ್ತು ವರ್ಷವಾಯಿತು, ಡೋಲಿನವರಿಗೆಲ್ಲ ಕೊನೆಗೆ ಸಿಗುವ ಬಹುಮಾನ ಅದು. ಎರಡು ಮೈಕು ಇತ್ತೆಂದು ಹೇಳಿದೆನಲ್ಲ. ಡೋಲನ್ನು ಎಡಗಿವಿಗೂ ಗೋವಿಂದನನ್ನು ಬಲಗಿವಿಗೂ ಕೂರಿಸಿದ್ದಾರೆ. ಹಾಗಾಗಿ ನನ್ನ ಡೋಲು ಪಕ್ಕದ ಬೀದಿಯಲ್ಲಿ ಬಾರಿಸಿದಷ್ಟು ಮೆಲ್ಲಗೆ. ಬಲಗಿವಿಯಲ್ಲಿ ಗೋವಿಂದನೊಬ್ಬನೇ ಇದ್ದ. ನಾನು ಮುಚ್ಚಿದ್ದೆಲ್ಲ ತೆರೆದಿತ್ತು. ಒಂದೊಂದೇ ಕೆಮ್ಮು. ಕೆಮ್ಮಿ, ಉಸಿರೆಳೆದು, ಮತ್ತೆ ಊದುತ್ತಿದ್ದ. ಹದಿನೇಳು ಸಲ. ಹದಿನಾಲ್ಕನೆಯದರ ಹಿಂದೆ ಒಂದು ಮಾತಿದೆ, ಆ ದಿನ ಗೋಣಿಯಾಚೆ ಕೂತ ನನಗೆ ಕೇಳಿರಲಿಲ್ಲ.

"ನಂಜುಂಡ, ಸಾಕು ಕಣ್ಲಾ."

ಅದರ ಮೇಲೆಯೂ ನನ್ನ ಡೋಲು ಉರುಳುತ್ತದೆ. ಕೇಳಿಸಿದ್ದರೆ ನಿಲ್ಲಿಸುತ್ತಿದ್ದೆನೇ? ಗೊತ್ತಿಲ್ಲ. ನಿಲ್ಲಿಸುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿಲ್ಲ. ಆವತ್ತಿನಿಂದ ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ. ಯಾರಿದ್ದಾರೆ ಮಾತಾಡುವುದಕ್ಕೆ? ಅಭಿನಂದನೆ ಹೇಳುವವರು ದೂರದೂರದಲ್ಲಿದ್ದಾರೆ, ಅವನ ಸ್ವರ ಗುರುತಿಸುವವರು ಈ ಊರಿನಲ್ಲಿ ಒಬ್ಬರೂ ಇಲ್ಲ.

ನೀನು ರೆಕಾರ್ಡಿಗೆ ಕುಂಕುಮವಿಟ್ಟು ಅವನ ಫೋಟೋದ ಪಕ್ಕ ಇಟ್ಟಿದ್ದೀಯಂತೆ. ಫೋನು ಮಾಡಿ "ಅವ್ರೆಸ್ರ ಉಳ್ಸ್‌ಬುಟ್ರಿ ಅಣ್ಣ, ನಿಮ್ ಋಣ ಎಂಗ್ ತೀರ್ಸ್ಲಿ" ಎಂದು ಅತ್ತೆ. ಆಗಲೂ ನಾನು ಸುಮ್ಮನಿದ್ದೆ. ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಹೋದ ವಾರ ಮೇಘನಾ ಫೋನು ಮಾಡಿದಳು. ರೆಕಾರ್ಡುಗಳೆಲ್ಲ ಖರ್ಚಾಗಿ ಮತ್ತೆ ಅಚ್ಚಾಗುತ್ತಿದೆ, ಪುಸ್ತಿಕೆಗೆ ನಿನ್ನ ಮಾತುಗಳನ್ನೂ ಸೇರಿಸುತ್ತಿದ್ದಾಳೆ. ನೀನು ಅವಳಿಗೆ ಡಾಕ್ಟರ ಕತೆ ಹೇಳಿದ್ದೀಯ. ಕಫವೆಂದು ಕಳಿಸಿ ನನ್ನ ಗಂಡನನ್ನು ಕೊಂದವನ ಹೆಸರು ಲೋಕಕ್ಕೆ ಗೊತ್ತಾಗಲಿ, ಹೆಸರು ಹಾಕು ಎಂದಿದ್ದೀಯ. ಅವಳು ಅದನ್ನು ನನಗೆ ಓದಿ, "ಸರ್, ನೀವೇ ಜೊತೆಗಿದ್ದವರು. ಎಲ್ಲ ಸರಿಯಿದೆಯಾ?" ಎಂದು ಕೇಳಿದಳು.

ನಾನು ಹೂಂ ಎಂದೆ. ಎಪ್ಪತ್ತೆರಡನೇ ವಯಸ್ಸಿನಲ್ಲಿ, ಅದೇ ಹೂಂ.

ಮೂರನೇ ದಿನ ನಾನೇ ಫೋನು ಮಾಡಿ ಅವಳಿಗೆ ಎಲ್ಲ ಹೇಳಿದೆ. ಆಮೇಲೆ ಅವಳು, "ಸರ್... ಇದನ್ನೇ ಬರೀಬೇಕು. ಜನ ಈ ರೆಕಾರ್ಡನ್ನ ಕೇಳೋ ರೀತೀನೇ ಬದಲಾಗುತ್ತೆ" ಎಂದಳು. ಕೆಟ್ಟವಳಲ್ಲ ಅವಳು. ಆದರೆ ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಸಲ ನಾನು ಹೊಗಳಿಸಿಕೊಳ್ಳುವುದಕ್ಕೆ ಅವನ ಕೆಮ್ಮು ಬೇಕೇ? "ಬ್ಯಾಡ ಕಣವ್ವ. ಡಾಕ್ಟ್ರ ಸುದ್ದಿ ತಗ್ದಾಕು. ಮಿಕ್ಕಿದ್ದು ಏನ್ ಆಕ್ಬೇಕು, ಏನ್ ಬಿಡ್ಬೇಕು ಅಂತ ಜಯಮ್ಮ ಏಳ್ತಾಳೆ. ಮೊದ್ಲು ಅವ್ಳಿಗೆ ಗೊತ್ತಾಗ್ಬೇಕು" ಎಂದೆ. ಒಪ್ಪಿದಳು.

ಭಾನುವಾರ ಬರುತ್ತೇನೆ. ಚಾಪೆ ಹಾಸಬೇಡ, ಕಾಫಿ ಇಡಬೇಡ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ನೀನು ಓದುವುದು ನಿಧಾನ, ನನಗೆ ಗೊತ್ತು, ಎಷ್ಟು ಹೊತ್ತಾದರೂ ಕೂತಿರುತ್ತೇನೆ. ಓದಿ ಬಾಗಿಲು ಹಾಕಿಕೊಂಡರೂ ಸರಿ, ಬೀದಿಯವರನ್ನೆಲ್ಲ ಕರೆದು ಹೇಳಿದರೂ ಸರಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ?

ಆ ಡಾಕ್ಟರು ತೀರಿಕೊಂಡು ಬಹಳ ಕಾಲವಾಯಿತಂತೆ. ಅವರ ಮಗಳು ಹಾಸನದಲ್ಲೇ, ಅದೇ ಬೀದಿಯಲ್ಲೇ ಇದ್ದಾರೆ ಎಂದು ವಿಚಾರಿಸಿ ತಿಳಿದುಕೊಂಡೆ. ಸೋಮವಾರ ಅವರ ಮನೆಗೆ ಹೋಗಿ, ಅವರ ತಂದೆ ಆ ದಿನ ಹೇಳಿದ್ದೇ ನಿಜವೆಂದು ಹೇಳಿ ಬರುತ್ತೇನೆ. ನೀನು ಜೊತೆಗೆ ಬರುತ್ತೇನೆಂದು ಹೊರಡಬಹುದು. ಬೇಡ, ತಂಗಿ. ಅಲ್ಲಿ ನಿನ್ನದೇನೂ ತಪ್ಪಿಲ್ಲ.